ಮನೆಯಲ್ಲೇ ಕಟ್ಟುವ ಫೋಮ್ ಆರ್‌ಸಿ ವಿಮಾನ: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಸಿ ಎಂದರೆ ನೆಲದಲ್ಲಿ ನಿಂತು ರೇಡಿಯೋ ರಿಮೋಟಿನಿಂದ ಹಾರಿಸುವ ವಿಮಾನ. ಕೆಳಗಿನ ಅಳತೆಗಳೆಲ್ಲ ಒಂದೇ ವಿಮಾನದವು. ರೆಕ್ಕೆ ತುದಿಯಿಂದ ತುದಿಗೆ 1200 ಮಿ.ಮೀ., ಅಗಲ 200 ಮಿ.ಮೀ., ಒಡಲಿನ ಉದ್ದ 900 ಮಿ.ಮೀ. ಬ್ಯಾಟರಿ ಸೇರಿ ತೂಕ 650 ಗ್ರಾಂ ಒಳಗೆ ನಿಲ್ಲಬೇಕು, 750 ದಾಟಲೇಬಾರದು. ಬೇರೆ ಗಾತ್ರದ್ದು ಕಟ್ಟುವುದಾದರೆ ಅನುಪಾತ ಬಿಡಬೇಡಿ.

ಮೊದಲ ಸಲಕ್ಕೇ ಯುದ್ಧವಿಮಾನದ ಆಕಾರದ್ದು ಕಟ್ಟಬಹುದಾ?

ಕಟ್ಟಬಹುದು, ಆದರೆ ಹಾರಿಸಲಿಕ್ಕೆ ಆಗುವುದಿಲ್ಲ. ಆ ಆಕಾರದ ವಿಮಾನ ವೇಗವಾಗಿ ಹೋದರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ, ಕಲಿಯುವವರ ಕೈ ಅಷ್ಟು ವೇಗವಾಗಿ ಓಡುವುದಿಲ್ಲ. ಮೊದಲನೆಯದಕ್ಕೆ ರೆಕ್ಕೆ ಒಡಲಿನ ಮೇಲೆ ಕೂರಬೇಕು. ರೆಕ್ಕೆಯ ಎರಡು ತುದಿಗಳೂ ಮೇಲಕ್ಕೆ ಎದ್ದಿರಬೇಕು, ಮೋಟರ್ ಮೂಗಿನಲ್ಲಿರಬೇಕು. ನಿಯಂತ್ರಣಕ್ಕೆ ಥ್ರಾಟಲ್ (ಮೋಟರಿನ ವೇಗ), ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ), ರಡ್ಡರ್ (ಎಡಬಲ ತಿರುಗಿಸುವ ಬಾಲದ ಪಟ್ಟಿ) ಮೂರೇ ಸಾಕು. ತುದಿ ಎದ್ದ ರೆಕ್ಕೆ ವಾಲಿದರೂ ರಿಮೋಟಿನ ಸ್ಟಿಕ್ ಬಿಟ್ಟ ಕೂಡಲೇ ತಾನಾಗಿ ಸರಿಯಾಗುತ್ತದೆ. ಹೊಸಬರ ವಿಮಾನವನ್ನು ಉಳಿಸುವುದು ಹೆಚ್ಚಾಗಿ ಈ ಗುಣವೇ.

ಖರ್ಚು ಎಷ್ಟು ಬರ್ತದೆ?

ಸುಮಾರು ಒಂಬತ್ತರಿಂದ ಹನ್ನೆರಡು ಸಾವಿರ ರೂಪಾಯಿ. ಹತ್ತಿರ ಹತ್ತಿರ ಅರ್ಧ ಹಣ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಮತ್ತು ರಿಸೀವರಿಗೇ (ವಿಮಾನದೊಳಗೆ ಅದರ ಸಂಕೇತ ಹಿಡಿಯುವ ಭಾಗ) ಹೋಗುತ್ತದೆ, ಆದರೆ ಅವು ಮುಂದಿನ ಎಲ್ಲ ವಿಮಾನಗಳಿಗೂ ಬರುತ್ತವೆ. ಫೋಮ್, ಅಂಟು, ಟೇಪು ಎಲ್ಲ ಸೇರಿದರೂ ಸಾವಿರ ದಾಟುವುದು ಕಷ್ಟ. ಹಾಗಾಗಿ ವಿಮಾನ ಒಡೆದು ಹೋಯಿತೆಂದು ಅಳುವ ಅಗತ್ಯ ಇಲ್ಲ, ಒಡೆದದ್ದು ಅಗ್ಗದ ಭಾಗ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಆನ್‌ಲೈನ್‌ನಲ್ಲಿ ತರಿಸುವುದಾದರೆ ಅದು ರಸ್ತೆ ಮಾರ್ಗದಲ್ಲಿ ಬರುವುದೇ ಹೆಚ್ಚು. ಒಂದು ವಾರ ಮೊದಲೇ ಹೇಳಿಡಿ.

ಯಾವ ಫೋಮ್ ತರಬೇಕು? ಬೋರ್ಡ್ ಬರೆಯುವವರ ಹತ್ತಿರ ಸಿಗುವ ಸನ್‌ಬೋರ್ಡ್ ಆಗ್ತದಾ?

ಆಗುವುದಿಲ್ಲ. ಸನ್‌ಬೋರ್ಡ್ ಎಂದರೆ ಪಿವಿಸಿ. 3 ಮಿ.ಮೀ. ಹಾಳೆಯೇ ಚದರ ಮೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಚುನಾವಣೆ ಫಲಕಗಳಿಗೆ ಬಳಸುವ ಪೊಳ್ಳು ಗೆರೆಗಳ ಪ್ಲಾಸ್ಟಿಕ್ ಹಾಳೆ ಗಟ್ಟಿಮುಟ್ಟು, ನೀರಿಗೂ ಹೆದರುವುದಿಲ್ಲ, ಆದರೆ ಮೊದಲ ವಿಮಾನಕ್ಕೆ ಅದೂ ಭಾರ.

ಒಳ್ಳೆಯದು 5 ಮಿ.ಮೀ. ಡೆಪ್ರಾನ್ ಎಂಬ ಹಗುರ, ನುಣುಪು ಫೋಮ್ ಹಾಳೆ. ಹಾಬಿ ಅಂಗಡಿಗಳು ಇದನ್ನೇ ಅಥವಾ ಇದರಂಥದ್ದನ್ನೇ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಚದರ ಮೀಟರಿಗೆ 200 ಗ್ರಾಂ ಆಸುಪಾಸು ಇರುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಶಾಲೆಯ ಪ್ರಾಜೆಕ್ಟಿಗೆಂದು ಸಿಗುವ, ಎರಡೂ ಬದಿ ಕಾಗದ ಅಂಟಿಸಿದ ಫೋಮ್ ಬೋರ್ಡ್ ಕೂಡ ಆಗುತ್ತದೆ. ಆದರೆ ಅದರ ತೂಕ ತಯಾರಕರಿಂದ ತಯಾರಕರಿಗೆ ತುಂಬ ಬೇರೆ. ಅಂಗಡಿಯಲ್ಲೇ ತೂಗಿಸಿ ನೋಡಿ. ಚದರ ಮೀಟರಿಗೆ 350 ಗ್ರಾಂ ಮೀರಿದರೆ ಒಂದು ಬದಿಯ ಕಾಗದ ಕಿತ್ತು ಬಳಸಬೇಕಾಗುತ್ತದೆ, ಅಥವಾ ಬಿಟ್ಟುಬಿಡಿ. ಟಿವಿ, ಫ್ರಿಜ್ ಸುತ್ತ ಸುತ್ತಿ ಬರುವ ಮೆತ್ತನೆಯ ಬಿಳಿ ಹಾಳೆ ಬಾಗುತ್ತದೆ, ಅದರಿಂದ ಏನೂ ಆಗದು.

ಮೀನಿನ ಥರ್ಮಾಕೋಲ್ ಪೆಟ್ಟಿಗೆ ಮಲ್ಪೆಯಲ್ಲಿ ಬೇಕಾದಷ್ಟು ಸಿಗ್ತದೆ. ಅದರಿಂದ ಮಾಡಬಹುದಾ?

ಇಡೀ ವಿಮಾನ ಆಗುವುದಿಲ್ಲ. ಅದು ಕಾಳು ಕಾಳಾದ ಫೋಮ್. ತೆಳ್ಳಗೆ ಕತ್ತರಿಸಿದರೆ ಉದುರುತ್ತದೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಪೆಟ್ಟಿಗೆಯ ಉದ್ದವೂ ರೆಕ್ಕೆಗೆ ಸಾಲದು. ಮೂಗಿನ ದಿಮ್ಮಿ, ಬ್ಯಾಟರಿಯ ಸುತ್ತ ತುಂಬುವ ತುಂಡು, ಪೈಲಟ್ ಕೂರುವ ಗೂಡಿನ ಆಕಾರ ಇವುಗಳಿಗೆ ಮಾತ್ರ ಚೆನ್ನಾಗಿ ಒದಗುತ್ತದೆ. ಸೋಪು ನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ಇಲ್ಲದಿದ್ದರೆ ಟೇಪು ಅಂಟುವುದಿಲ್ಲ, ಬೆಕ್ಕಿನಿಂದಲೂ ಉಳಿಗಾಲವಿಲ್ಲ.

ಮೋಟರ್, ಬ್ಯಾಟರಿ, ಸರ್ವೋ ಯಾವುದು?

2212 ಗಾತ್ರದ 1000 ಕೆವಿ ಬ್ರಷ್‌ಲೆಸ್ ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 10×4.5 (10 ಇಂಚಿನ) ಪ್ರೊಪೆಲರ್ ಅಂದರೆ ಪ್ರಾಪ್, 3ಎಸ್ (ಮೂರು ಸೆಲ್ಲಿನ, 11.1 ವೋಲ್ಟಿನ) 2200 ಎಂಎಎಚ್ ಲಿಪೋ, 9 ಗ್ರಾಮಿನ ಎರಡು ಸರ್ವೋ (ಎಲಿವೇಟರ್, ರಡ್ಡರನ್ನು ತಿರುಗಿಸುವ ಚಿಕ್ಕ ಮೋಟರ್). ಟ್ರಾನ್ಸ್‌ಮಿಟರ್ 2.4 ಗಿಗಾಹರ್ಟ್ಸಿನ ಆರು ಚಾನೆಲ್‌ನದ್ದು ತೆಗೆದುಕೊಳ್ಳಿ. ಫ್ಲೈಸ್ಕೈ ಎಫ್‌ಎಸ್-ಐ6 ಸಾಕಷ್ಟಾಯಿತು.

ಕೆವಿ ಎಂದರೆ ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. 1000 ಕೆವಿ ಮೋಟರ್ 11.1 ವೋಲ್ಟಿನಲ್ಲಿ, ಪ್ರಾಪ್ ಇಲ್ಲದೆ, ಸುಮಾರು 11,100 ಸುತ್ತು ತಿರುಗುತ್ತದೆ. ಅಂಗಡಿಯವರು 1000ದ್ದು ಇಲ್ಲ, 2200 ಕೆವಿ ಉಂಟು, ಅದು ಇನ್ನೂ ಪವರ್‌ಫುಲ್ ಎಂದರೆ ನಂಬಬೇಡಿ. 2200 ಕೆವಿಗೆ 6 ಇಂಚಿನ ಪ್ರಾಪ್ ಬೇಕು. ಅದಕ್ಕೆ 10 ಇಂಚಿನದ್ದು ಹಾಕಿದರೆ ಕರೆಂಟು ಏರಿ ಇಎಸ್‌ಸಿ ಅಥವಾ ಮೋಟರ್ ಸುಡುತ್ತದೆ.

ತೂಕದ ಲೆಕ್ಕ ಹೀಗೆ: ಮೋಟರ್ 50 ಗ್ರಾಂ, ಇಎಸ್‌ಸಿ 25, ಬ್ಯಾಟರಿ 180, ಎರಡು ಸರ್ವೋ 20, ರಿಸೀವರ್ 15, ಪ್ರಾಪ್ ಮತ್ತು ಮೋಟರ್ ಕೂರಿಸುವ ಪ್ಲೇಟು 25. ಇಷ್ಟಕ್ಕೇ 315 ಆಯಿತು. ಉಳಿದ 335 ಗ್ರಾಮಿನಲ್ಲಿ ಫೋಮ್, ಅಂಟು, ಟೇಪು, ಕಡ್ಡಿ, ತಂತಿ ಎಲ್ಲ ಮುಗಿಯಬೇಕು.

ತೂಕ ಸ್ವಲ್ಪ ಹೆಚ್ಚಾದರೆ ದೊಡ್ಡ ಮೋಟರ್ ಹಾಕಿದರೆ ಆಯಿತಲ್ಲ?

ಈ ಯೋಚನೆಯಿಂದಲೇ ಹೆಚ್ಚಿನ ಮೊದಲ ವಿಮಾನಗಳು ಹಾಳಾಗುವುದು. ಮೇಲೆ ಹೇಳಿದ ಮೋಟರ್ 700ರಿಂದ 800 ಗ್ರಾಂ ಎಳೆಯುತ್ತದೆ, ಆದ್ದರಿಂದ 900 ಗ್ರಾಮಿನ ವಿಮಾನವೂ ಮೇಲೇಳುತ್ತದೆ. ಸಮಸ್ಯೆ ಬರುವುದು ಇಳಿಸುವಾಗ. ನಮ್ಮ ರೆಕ್ಕೆಯ ವಿಸ್ತೀರ್ಣ 24 ಚದರ ಡೆಸಿಮೀಟರ್. 650 ಗ್ರಾಂ ಇದ್ದರೆ ಒಂದು ಚದರ ಡೆಸಿಮೀಟರಿನ ಮೇಲೆ 27 ಗ್ರಾಂ ಭಾರ ಬೀಳುತ್ತದೆ, ವಿಮಾನ ಗಂಟೆಗೆ ಸುಮಾರು 24 ಕಿ.ಮೀ. ವೇಗದವರೆಗೂ ಕುಸಿಯದೆ ಹಾರುತ್ತದೆ. ತೂಕ ಹೆಚ್ಚಿದಂತೆ ಈ ವೇಗವೂ ಏರುತ್ತದೆ. ನೆಲ ಮುಟ್ಟುವ ಏಟು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದೊಡ್ಡ ಮೋಟರ್ ಹಾಕಿದರೆ ದೊಡ್ಡ ಬ್ಯಾಟರಿ ಬೇಕು, ಅದನ್ನು ಹೊರಲು ಒಡಲು ಗಟ್ಟಿಯಾಗಬೇಕು, ಮತ್ತೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಭಾಗ ಮುಗಿದ ಹಾಗೆ ತೂಗಿ ಬರೆದಿಡಿ.

ರೆಕ್ಕೆ ಕಟ್ಟುವ ಕ್ರಮ ಹೇಗೆ?

ಎಡಕ್ಕೊಂದು ಬಲಕ್ಕೊಂದು ತಲಾ 600 ಮಿ.ಮೀ. ಉದ್ದದ ಎರಡು ಭಾಗ ಮಾಡಿ. ಕೆಳಗಿನ ಹಾಳೆ 200 ಮಿ.ಮೀ. ಅಗಲ, ಮೇಲಿನದ್ದು 205. ಮೇಲಿನದ್ದು ಬಾಗಿ ಬರಬೇಕಾದ್ದರಿಂದ ಆ ಐದು ಮಿ.ಮೀ. ಹೆಚ್ಚು. ಮುಂದಿನ ಅಂಚಿನಿಂದ 60 ಮಿ.ಮೀ. ಹಿಂದೆ, ಕೆಳಗಿನ ಹಾಳೆಯ ಮೇಲೆ 10 ಮಿ.ಮೀ. ಎತ್ತರದ ಫೋಮ್ ಪಟ್ಟಿಯನ್ನು ಉದ್ದಕ್ಕೂ ಅಂಟಿಸಿ. ಅದರ ಪಕ್ಕಕ್ಕೆ 4 ಮಿ.ಮೀ. ಕಾರ್ಬನ್ ಕಡ್ಡಿ ಸೇರಿಸಿ. ಕಾರ್ಬನ್ ಸಿಗದಿದ್ದರೆ ಚೆನ್ನಾಗಿ ಒಣಗಿದ ಬಿದಿರಿನ ಸೀಳು, 6 ಮಿ.ಮೀ. ಅಗಲ 3 ಮಿ.ಮೀ. ದಪ್ಪ, ಗಂಟುಗಳನ್ನು ಸವರಿದ್ದು. ಅಡಿಕೆ ಮರದ ಸಲಾಕೆ ಬೇಡ, ಭಾರ.

ಮೇಲಿನ ಹಾಳೆಯನ್ನು ಒಮ್ಮೆಲೇ ಬಗ್ಗಿಸಿದರೆ ಸೀಳುತ್ತದೆ. ಎರಡು ಇಂಚಿನ ಪಿವಿಸಿ ಪೈಪಿನ ಮೇಲೆ ಅಂಗೈಯಿಂದ ನಿಧಾನಕ್ಕೆ ಉಜ್ಜುತ್ತಾ ಹೋದರೆ ಹತ್ತು ನಿಮಿಷದಲ್ಲಿ ಬಾಗು ಹಿಡಿಯುತ್ತದೆ. ಕೆಳಗಿನ ಹಾಳೆಯ ಹಿಂದಿನ ಅಂಚನ್ನು 25 ಮಿ.ಮೀ. ಅಗಲಕ್ಕೆ ಮರಳು ಕಾಗದದಿಂದ ಇಳಿಜಾರು ಮಾಡಿ, ಎರಡನ್ನೂ ಅಂಟಿಸಿ, ಸಮತಟ್ಟಾದ ಮೇಜಿನ ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಮೇಜು ಸೊಟ್ಟ ಇದ್ದರೆ ರೆಕ್ಕೆಯೂ ಸೊಟ್ಟ ಆಗುತ್ತದೆ, ಆಮೇಲೆ ರಿಮೋಟಿನ ಟ್ರಿಮ್ (ಸಣ್ಣ ತಿದ್ದುಪಡಿಯ ಗುಂಡಿ) ಎಷ್ಟು ತಿರುಗಿಸಿದರೂ ವಿಮಾನ ಒಂದು ಕಡೆಗೇ ಎಳೆಯುತ್ತದೆ.

ಎರಡು ಭಾಗ ಜೋಡಿಸುವಾಗ ಒಂದನ್ನು ಮೇಜಿಗೆ ಒತ್ತಿಟ್ಟು, ಇನ್ನೊಂದರ ತುದಿಯನ್ನು 110 ಮಿ.ಮೀ. ಎತ್ತರಿಸಿ. ಒಂದೊಂದು ಬದಿಗೆ ಐದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರು ಸಿಗುತ್ತದೆ. ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿದ್ದು ವಿಮಾನವನ್ನು ವಾಲಿಸುವ ಪಟ್ಟಿ) ಇಲ್ಲದ ವಿಮಾನಕ್ಕೆ ಇಷ್ಟು ಬೇಕೇ ಬೇಕು. ಈ ಏರು ಇಲ್ಲದಿದ್ದರೆ ರಡ್ಡರ್ ತಿರುಗಿಸಿದಾಗ ವಿಮಾನ ವಾಲದೆ ಬರಿದೇ ಅಡ್ಡ ಜಾರುತ್ತದೆ. ನಡುವೆ 3 ಮಿ.ಮೀ. ಪ್ಲೈವುಡ್ಡಿನ, ಅದೇ ಕೋನಕ್ಕೆ ಕತ್ತರಿಸಿದ 200 ಮಿ.ಮೀ. ಉದ್ದದ ಪಟ್ಟಿಯನ್ನು ಎಪಾಕ್ಸಿಯಲ್ಲಿ ಕೂರಿಸಿ. ರೆಕ್ಕೆ ಮುರಿಯುವುದು ಯಾವಾಗಲೂ ಇಲ್ಲೇ.

ಯಾವ ಅಂಟು?

ಬಿಸಿ ಅಂಟಿನ ಗನ್ ಮುಖ್ಯ ಕೆಲಸಕ್ಕೆ. ಮೊದಲು ಒಂದು ಚೂರು ಫೋಮಿನ ಮೇಲೆ ಹಾಕಿ ನೋಡಿ, ಕರಗಿಸಿ ಗುಳಿ ಬೀಳಿಸಿದರೆ ಅರ್ಧ ನಿಮಿಷ ಆರಲು ಬಿಟ್ಟು ಹಚ್ಚಿ. ಮೋಟರ್ ಪ್ಲೇಟು ಮತ್ತು ರೆಕ್ಕೆಯ ನಡುಗೀಲಿಗೆ ಐದು ನಿಮಿಷದ ಎಪಾಕ್ಸಿಯೇ ಬೇಕು. ಮೋಟರ್ ಬಿಸಿಗೆ, ಏಪ್ರಿಲ್ ತಿಂಗಳ ಕಾರಿನೊಳಗಿನ ಸೆಕೆಗೆ ಬಿಸಿ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ.

ಬಿಳಿ ಫೆವಿಕಾಲ್ ಫೋಮನ್ನು ತಿನ್ನುವುದಿಲ್ಲ. ಆದರೆ ಎರಡು ಫೋಮ್ ಹಾಳೆಗಳ ನಡುವೆ ಗಾಳಿಯಾಡದೆ ಬಹಳ ನಿಧಾನವಾಗಿ ಒಣಗುತ್ತದೆ, ಮಳೆಗಾಲದಲ್ಲಂತೂ ದಿನಗಟ್ಟಲೆ ಹಸಿ. ಫೆವಿಕ್ವಿಕ್, ಚಪ್ಪಲಿ ಅಂಟಿಸುವ ಹಳದಿ ರಬ್ಬರ್ ಅಂಟು, ಸ್ಪ್ರೇ ಪೈಂಟು ಮೂರೂ ಡೆಪ್ರಾನ್ ಮತ್ತು ಥರ್ಮಾಕೋಲನ್ನು ಕರಗಿಸುತ್ತವೆ. ಬಣ್ಣ ಬೇಕಿದ್ದರೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ತೆಳ್ಳಗೆ ಬಳಿಯಿರಿ, ಅಥವಾ ಬಣ್ಣದ ಪ್ಯಾಕಿಂಗ್ ಟೇಪು ಅಂಟಿಸಿ. ರೆಕ್ಕೆಯ ತಳಕ್ಕೆ ಢಾಳಾದ ಬಣ್ಣ, ಮೇಲಕ್ಕೆ ಬೇರೆಯದ್ದು. ದೂರ ಹೋದಾಗ ಯಾವ ಬದಿ ಕಾಣುತ್ತಿದೆ ಎಂಬುದು ಗೊತ್ತಾಗಬೇಕು.

ಒಡಲು ಮತ್ತು ಬಾಲದ ಅಳತೆ?

ಒಡಲು 60 ಮಿ.ಮೀ. ಅಗಲ, 70 ಮಿ.ಮೀ. ಎತ್ತರದ ಪೆಟ್ಟಿಗೆ, ರೆಕ್ಕೆಯ ಹಿಂದೆ ಕಿರಿದಾಗುತ್ತಾ ಹೋಗಲಿ. ಮೂಗಿನಿಂದ 250 ಮಿ.ಮೀ. ದೂರದಲ್ಲಿ ರೆಕ್ಕೆಯ ಮುಂದಿನ ಅಂಚು ಬರಬೇಕು. ರೆಕ್ಕೆ ಕೂರುವ ಜಾಗದಲ್ಲಿ ಮುಂಭಾಗ ಹಿಂಭಾಗಕ್ಕಿಂತ 7 ಮಿ.ಮೀ. ಎತ್ತರವಾಗಿರಲಿ, ಆಗ ಬಾಲಕ್ಕೆ ಹೋಲಿಸಿದರೆ ರೆಕ್ಕೆಗೆ 2 ಡಿಗ್ರಿ ಏರು ಸಿಗುತ್ತದೆ. ಅಡ್ಡ ಬಾಲ 400×120 ಮಿ.ಮೀ., ಅದರಲ್ಲಿ ಹಿಂದಿನ 35 ಮಿ.ಮೀ. ಎಲಿವೇಟರ್. ನೆಟ್ಟಗಿನ ಬಾಲ 170 ಮಿ.ಮೀ. ಎತ್ತರ, ರಡ್ಡರ್ ಅಗಲ 50. ಕೀಲಿಗೆ ಒಂದು ಅಂಚನ್ನು 45 ಡಿಗ್ರಿ ಓರೆ ಕತ್ತರಿಸಿ, ಟೇಪು ಹಚ್ಚಿದರೆ ಸಾಕು.

ರೆಕ್ಕೆಯನ್ನು ಒಡಲಿಗೆ ಅಂಟಿಸಬೇಡಿ. ಒಡಲಿನ ಅಡ್ಡಕ್ಕೆ ಎರಡು ಬಿದಿರ ಕಡ್ಡಿ ತೂರಿಸಿ, ಆರು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಬಿದ್ದಾಗ ರೆಕ್ಕೆ ಜಾರಿ ಕಳಚಿಕೊಂಡು ಏಟು ತಪ್ಪುತ್ತದೆ. ಸರ್ವೋದಿಂದ ಬಾಲಕ್ಕೆ 1.2 ಮಿ.ಮೀ. ಉಕ್ಕಿನ ತಂತಿ. ಅದು ಬಾಗದಂತೆ ನಡುವೆ ಖಾಲಿ ಪೆನ್ನಿನ ರೀಫಿಲ್ ತುಂಡುಗಳನ್ನು ಅಂಟಿಸಿ ತೂರಿಸಿ. ಹಿಡಿಸೂಡಿ ಕಡ್ಡಿ ಇದಕ್ಕೆ ಆಗುವುದಿಲ್ಲ, ಒತ್ತಿದರೆ ಬಳುಕುತ್ತದೆ. ತಂತಿ ಸಿಕ್ಕಿಸಲು ಎಲಿವೇಟರಿನ ಮೇಲೆ ನಿಲ್ಲಿಸುವ ಕೊಂಬಿಗೆ ಹಳೆಯ ಎಟಿಎಂ ಕಾರ್ಡು ಕತ್ತರಿಸಿ.

ಮೋಟರನ್ನು ನೇರ ಕೂರಿಸಬೇಕಾ?

ಇಲ್ಲ. ಸ್ವಲ್ಪ ಕೆಳಕ್ಕೆ, ಸ್ವಲ್ಪ ಬಲಕ್ಕೆ ನೋಡಬೇಕು, ಎರಡೂ 2ರಿಂದ 3 ಡಿಗ್ರಿ. ಇಲ್ಲದಿದ್ದರೆ ಥ್ರಾಟಲ್ ಕೊಟ್ಟ ಕೂಡಲೇ ಮೂಗು ಮೇಲೇಳುತ್ತದೆ, ಎಡಕ್ಕೆ ವಾಲುತ್ತದೆ. ಸ್ಕ್ರೂಗಳ ನಡುವೆ 40 ಮಿ.ಮೀ. ಅಂತರ ಇದ್ದರೆ, ಮೇಲಿನ ಸ್ಕ್ರೂಗಳ ಹಿಂದೆ 2 ಮಿ.ಮೀ. ವಾಷರ್ ಇಟ್ಟಾಗ ಬೇಕಾದ ಕೋನ ಬರುತ್ತದೆ. ಬಲಕ್ಕೆ ತಿರುಗಿಸಲು ವಾಷರ್ ಎಡಬದಿಗೆ. ಎಡ ಬಲ ಎಂದರೆ ವಿಮಾನದ ಹಿಂದೆ ನಿಂತು ನೋಡಿದಾಗಿನದ್ದು.

ವೈರಿಂಗ್‌ನಲ್ಲಿ ಏನು ತಪ್ಪುತ್ತದೆ?

ಮೋಟರ್ ಉಲ್ಟಾ ತಿರುಗಿದರೆ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಪ್ರಾಪಿನಲ್ಲಿ ಅಕ್ಷರ ಇರುವ ಮುಖ ವಿಮಾನದ ಮುಂದಕ್ಕೆ ಇರಬೇಕು. ಹಿಂದುಮುಂದಾದರೂ ಅದು ತಿರುಗುತ್ತದೆ, ಎಳೆತ ಮಾತ್ರ ತುಂಬ ಕಡಿಮೆ. ಮೋಟರಿಗೆ ಶಕ್ತಿಯೇ ಇಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನು.

ಇಎಸ್‌ಸಿಗೆ ಥ್ರಾಟಲ್ ಅಳತೆ ಕಲಿಸಬೇಕು: ಸ್ಟಿಕ್ ಪೂರ್ತಿ ಮೇಲಿಟ್ಟು ಬ್ಯಾಟರಿ ಜೋಡಿಸಿ, ಎರಡು ಬೀಪ್ ಕೇಳಿದ ಕೂಡಲೇ ಪೂರ್ತಿ ಕೆಳಗಿಳಿಸಿ. ರಡ್ಡರ್ ಸರ್ವೋವನ್ನು ರಿಸೀವರಿನ ನಾಲ್ಕನೆಯದಕ್ಕಲ್ಲ, ಒಂದನೆಯ ಚಾನೆಲ್ಲಿಗೆ ಹಾಕಿ. ಆಗ ಬಲಗೈ ಸ್ಟಿಕ್ಕಿನಲ್ಲೇ ತಿರುವು, ಏರು, ಇಳಿ ಎಲ್ಲ ಬರುತ್ತದೆ, ಮುಂದೆ ಏಲೆರಾನ್ ಇರುವ ವಿಮಾನಕ್ಕೆ ಹೋದಾಗ ಕೈ ಗೊಂದಲಕ್ಕೆ ಬೀಳುವುದಿಲ್ಲ. ರಿಸೀವರಿನ ಎರಡು ಆಂಟೆನಾ ಒಂದಕ್ಕೊಂದು ಲಂಬವಾಗಿರಲಿ, ಕಾರ್ಬನ್ ಕಡ್ಡಿಯಿಂದ ದೂರ ಇರಲಿ. ಫೇಲ್‌ಸೇಫ್‌ನಲ್ಲಿ (ಸಂಕೇತ ತಪ್ಪಿದಾಗ ವಿಮಾನ ಏನು ಮಾಡಬೇಕೆಂಬ ಹೊಂದಿಕೆ) ಥ್ರಾಟಲ್ ಸೊನ್ನೆ ಇಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ: ಮೋಟರ್ ನಿಲ್ಲಲೇಬೇಕು. ಈ ಎಲ್ಲ ಪರೀಕ್ಷೆಯೂ ಪ್ರಾಪ್ ಬಿಚ್ಚಿ. 10 ಇಂಚಿನ ಪ್ರಾಪ್ ಬೆರಳು ಕತ್ತರಿಸುತ್ತದೆ.

ಸಿಜಿ (ವಿಮಾನ ಸಮತೂಕದಲ್ಲಿ ನಿಲ್ಲುವ ಬಿಂದು) ಎಲ್ಲಿ ಬರಬೇಕು?

ರೆಕ್ಕೆಯ ಮುಂದಿನ ಅಂಚಿನಿಂದ 55ರಿಂದ 60 ಮಿ.ಮೀ. ಹಿಂದೆ. ಬ್ಯಾಟರಿ ಹಾಕಿದ ಮೇಲೆ ಆ ಗುರುತಿನಲ್ಲಿ ಎರಡು ಬೆರಳಿನಿಂದ ಎತ್ತಿ. ವಿಮಾನ ಸಮವಾಗಿ, ಅಥವಾ ಮೂಗು ಒಂದಿಷ್ಟೇ ತಗ್ಗಿ ನಿಲ್ಲಬೇಕು. ಬಾಲ ಬಿದ್ದರೆ ಹಾರಿಸಬೇಡಿ. ಮೂಗು ಭಾರದ ವಿಮಾನ ಸೋಮಾರಿಯಾಗಿ ಹಾರುತ್ತದೆ, ಬಾಲ ಭಾರದ ವಿಮಾನ ಕೈಗೇ ಸಿಗುವುದಿಲ್ಲ.

ಸರಿಪಡಿಸಲು ಮೊದಲು ಬ್ಯಾಟರಿ ಸರಿಸಿ, ಆಮೇಲೂ ಆಗದಿದ್ದರೆ ಮಾತ್ರ ತೂಕ ಕಟ್ಟಿ. ಬಾಲದಲ್ಲಿ 10 ಗ್ರಾಂ ಅಂಟು ಹೆಚ್ಚಾದರೆ ಮೂಗಿನಲ್ಲಿ ಸುಮಾರು 20 ಗ್ರಾಂ ಸೇರಿಸಬೇಕಾಗುತ್ತದೆ, ಒಟ್ಟು 30 ಗ್ರಾಂ ದಂಡ. ಆದ್ದರಿಂದ ಬಾಲದ ಕಡೆ ಅಂಟು, ಬಣ್ಣ, ಸ್ಟಿಕ್ಕರು ಎಲ್ಲದರಲ್ಲೂ ಜಿಪುಣತನ ಇರಲಿ.

ಎಲ್ಲಿ, ಯಾವಾಗ ಹಾರಿಸುವುದು?

ಕರಾವಳಿಯಲ್ಲಿ ಗಾಳಿಯೇ ವೇಳಾಪಟ್ಟಿ ಬರೆಯುತ್ತದೆ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ನೆಲದಿಂದ ಕಡಲಿಗೆ ತೆಳುಗಾಳಿ. ಹನ್ನೊಂದರ ಮೇಲೆ ಪಡುವಣದ ಕಡಲ ಗಾಳಿ ಎದ್ದು ಸಂಜೆವರೆಗೂ ಬೀಸುತ್ತದೆ. 24 ಕಿ.ಮೀ. ವೇಗದಲ್ಲಿ ಕುಸಿಯುವ ವಿಮಾನಕ್ಕೆ 15 ಕಿ.ಮೀ. ಗಾಳಿ ಎಂದರೇನೇ ದೊಡ್ಡದು, ಗಾಳಿಯ ದಿಕ್ಕಿಗೆ ಹೋದದ್ದು ವಾಪಸು ಬರಲು ಒದ್ದಾಡುತ್ತದೆ.

ಜಾಗಕ್ಕೆ ಒಂದೇ ಬೆಳೆಯ ಬೆಟ್ಟು ಗದ್ದೆಗಳು ಉತ್ತಮ. ಏಣೆಲು (ಮಳೆಗಾಲದ ಬೆಳೆ) ಕೊಯ್ಲಾದ ಮೇಲೆ ಖಾಲಿ ಬೀಳುತ್ತವೆ, ಹುಲ್ಲಿನ ಕೂಳೆಯ ಮೇಲೆ ವಿಮಾನ ಮೆತ್ತಗೆ ಇಳಿಯುತ್ತದೆ. ಗದ್ದೆಯವರನ್ನು ಕೇಳಿ ಇಳಿಯಿರಿ. ಸುತ್ತ ತೆಂಗಿನ ತೋಟ ಇದ್ದರೆ ಕನಿಷ್ಠ ನೂರು ಮೀಟರ್ ಬಯಲು ಇರಲಿ. ಪದವಿನ (ಎತ್ತರದ ಬೋಳು ಬಯಲಿನ) ಮೇಲೆ ಜಾಗ ವಿಶಾಲ, ಆದರೆ ಮುರಕಲ್ಲು ಉಜ್ಜಿ ಹೊಟ್ಟೆ ಹರಿಯುತ್ತದೆ, ಹೊಟ್ಟೆಗೆ ಟೇಪಿನ ಎರಡು ಪದರ ಹಾಕಿ. ಮಲ್ಪೆ, ಪಣಂಬೂರಿನಂಥ ಜನ ತುಂಬಿದ ಕಡಲ ಕಿನಾರೆ ಬೇಡ. ಮೀನುಗಾರಿಕೆ ಬಂದರಿನ ಹತ್ತಿರ ಗರುಡ, ಹದ್ದುಗಳೂ ವಿಮಾನದ ಮೇಲೆ ಎರಗಬಹುದು.

ಅನುಮತಿ ಬೇಕಾ?

2021ರ ಡ್ರೋನ್ ನಿಯಮಗಳು ದೂರನಿಯಂತ್ರಿತ ಮಾದರಿ ವಿಮಾನಕ್ಕೂ ಅನ್ವಯ. 250 ಗ್ರಾಂ ಮೇಲೆ 2 ಕಿಲೋವರೆಗಿನದ್ದು ಮೈಕ್ರೋ ವರ್ಗ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಹಾರಿಸಿದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ವಲಯದ ನಿರ್ಬಂಧ ಎಲ್ಲರಿಗೂ ಉಂಟು. ಹಾರಿಸುವ ಮೊದಲು ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ, ನೋಂದಣಿಯ ವಿವರವನ್ನೂ ಓದಿ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಹಸಿರು ವಲಯದ ಎತ್ತರದ ಮಿತಿ 200 ಅಡಿ, ಅದರಾಚೆ 400 ಅಡಿ. ಮಂಗಳೂರಿನವರಿಗೆ ಬಜ್ಪೆ ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ನಗರದ ದೊಡ್ಡ ಭಾಗಕ್ಕೆ ಈ ಲೆಕ್ಕ ತಾಗುತ್ತದೆ. ಬಂದರು, ತೈಲ ಶುದ್ಧೀಕರಣ ಘಟಕದ ಆಸುಪಾಸು ಯೋಚನೆಯೂ ಬೇಡ. ಉಡುಪಿ ಕಡೆಯವರಿಗೆ ಈ ತಲೆಬಿಸಿ ಕಡಿಮೆ.

ಮೊದಲ ಹಾರಾಟ ಹೇಗೆ?

ಮೊದಲು ಮೊಬೈಲಿನಲ್ಲಿ ಪಿಕಾಸಿಮ್‌ನಂಥ ಸಿಮ್ಯುಲೇಟರ್ ಹಾಕಿಕೊಂಡು, ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ತಿರುವು ಮುರುವಾಗುವುದು ಅಭ್ಯಾಸವಾಗುವ ತನಕ ಆಡಿ. ಮೈದಾನದಲ್ಲಿ ಸ್ಟಿಕ್ ಬಲಕ್ಕೆ ಒತ್ತಿದರೆ ರಡ್ಡರ್ ಬಲಕ್ಕೆ, ಸ್ಟಿಕ್ ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲಕ್ಕೆ ಹೋಗಬೇಕು. ಎಸೆಯುವ ಮುಂಚೆ ಪ್ರತಿ ಸಲ ನೋಡಿ. ಎಲಿವೇಟರ್ ಮೇಲೆ ಕೆಳಗೆ 12 ಮಿ.ಮೀ., ರಡ್ಡರ್ ಎಡಬಲ 25 ಮಿ.ಮೀ. ಚಲಿಸಿದರೆ ಸಾಕು. ಹೆಚ್ಚಿದ್ದರೆ ಸರ್ವೋ ತೋಳಿನ ಒಳಗಿನ ತೂತಿಗೆ ತಂತಿ ಬದಲಿಸಿ.

ಮೋಟರ್ ಇಲ್ಲದೆ ಹುಲ್ಲಿನ ಮೇಲೆ ಗಾಳಿಗೆ ಎದುರಾಗಿ ಎಸೆದು ನೋಡಿ, ನೇರ ತೇಲಿ ಇಳಿಯಬೇಕು. ಆಮೇಲೆ ಮುಕ್ಕಾಲು ಥ್ರಾಟಲ್ ಕೊಟ್ಟು, ಇನ್ನೊಬ್ಬರಿಂದ ದಿಗಂತದ ಮಟ್ಟಕ್ಕೆ ಎಸೆಸಿ. ಮೇಲ್ಮುಖ ಎಸೆಯಬಾರದು. ಮೂರು ಮರದೆತ್ತರ ಏರುವ ತನಕ ತಿರುಗಿಸಬೇಡಿ. ಎಂಟು ನಿಮಿಷಕ್ಕೆ ಅಲಾರಂ ಇಟ್ಟು ಇಳಿಸಿ.

ಹಾರುವಾಗ ವಿಚಿತ್ರವಾಗಿ ಆಡ್ತದೆ, ಕಾರಣ ಏನು?

ಮೇಲೆದ್ದು ನಿಂತು, ಬಿದ್ದು, ಮತ್ತೆ ಮೇಲೇಳುವುದಾದರೆ ಬಾಲ ಭಾರ. ಥ್ರಾಟಲ್ ಕೊಟ್ಟಾಗ ಮಾತ್ರ ಮೂಗೆತ್ತಿದರೆ ಮೋಟರಿನ ಕೆಳಕೋನ ಸಾಲದು. ತಿರುವಿನಲ್ಲಿ ಒಂದು ರೆಕ್ಕೆ ಪಟ್ಟನೆ ಕುಸಿದರೆ ವೇಗ ಕಡಿಮೆಯಾಗಿದೆ. ಎಲಿವೇಟರ್ ಎಳೆಯುವುದು ಬಿಟ್ಟು ಥ್ರಾಟಲ್ ಕೊಡಿ. ಅದೇ ಮರುಕಳಿಸುತ್ತಿದ್ದರೆ ಎರಡೂ ರೆಕ್ಕೆತುದಿಯ ಹಿಂದಿನ ಅಂಚನ್ನು 3 ಮಿ.ಮೀ. ಮೇಲಕ್ಕೆ ತಿರುಚಿ. ಮೋಟರ್ ಮಧ್ಯೆ ಮಧ್ಯೆ ಕಡಿದುಕೊಂಡರೆ ಬ್ಯಾಟರಿ ಇಳಿದಿದೆ, ಅಥವಾ ಬುಲೆಟ್ ಕನೆಕ್ಟರಿನ ಬೆಸುಗೆ ಬಿಟ್ಟಿದೆ.

ತೆಂಗಿನ ಮರದಲ್ಲಿ ಸಿಕ್ಕಿಬಿದ್ದರೆ?

ಮರಕ್ಕೆ ತಾಗುತ್ತದೆ ಎಂದು ಕಂಡ ಕೂಡಲೇ ಥ್ರಾಟಲ್ ಸೊನ್ನೆ ಮಾಡಿ. ಗರಿಯಲ್ಲಿ ಪ್ರಾಪ್ ಸಿಕ್ಕು ಮೋಟರ್ ತಿರುಗಲಾಗದೆ ನಿಂತರೆ ಇಎಸ್‌ಸಿ ಸುಟ್ಟು ಹೋಗುತ್ತದೆ. ತಗ್ಗಿನ ಮರವಾದರೆ ದೋಟಿ ಸಾಕು. ಎತ್ತರದ್ದಾದರೆ ಕಾಯಿ ಕೀಳುವವರನ್ನು ಕರೆಸಿ, ನೀವೇ ಹತ್ತಬೇಡಿ. ಕಲ್ಲೆಸೆದರೆ ವಿಮಾನ ಬೀಳುವ ಮೊದಲೇ ರೆಕ್ಕೆ ತೂತಾಗುತ್ತದೆ. ಕರೆಂಟು ಕಂಬದ ತಂತಿಯ ಮೇಲಿದ್ದರೆ ದೋಟಿ ಮುಟ್ಟಿಸಲೇಬೇಡಿ, ಮೆಸ್ಕಾಂಗೆ ಹೇಳಿ.

ಲಿಪೋ ಬ್ಯಾಟರಿ ನೋಡಿಕೊಳ್ಳುವುದು ಹೇಗೆ?

ಬ್ಯಾಲೆನ್ಸ್ ಚಾರ್ಜರಿನಲ್ಲೇ, ಹೆಚ್ಚೆಂದರೆ 2.2 ಆಂಪಿಯರಿನಲ್ಲಿ, ಎದುರಿಗೆ ಕೂತು ಚಾರ್ಜ್ ಮಾಡಿ. ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್. ಹಾರಿಸಿ ಇಳಿಸಿದ ಮೇಲೆ ಸೆಲ್ಲಿಗೆ 3.7ಕ್ಕಿಂತ ಕೆಳಗೆ ಹೋಗಿರಬಾರದು. ವಾರಕ್ಕಿಂತ ಹೆಚ್ಚು ಹಾರಿಸದಿದ್ದರೆ 3.8ಕ್ಕೆ ತಂದಿಡಿ. ಉಬ್ಬಿದ್ದನ್ನು ಮತ್ತೆ ಬಳಸಬೇಡಿ.

ಮಳೆಗಾಲ ಮತ್ತು ಉಪ್ಪುಗಾಳಿಗೆ ಏನು ಮಾಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟುವ ಕಾಲ. ಕಾಗದದ ಫೋಮ್ ಬೋರ್ಡ್ ತೇವ ಹೀರಿ ಪದರ ಬಿಡುತ್ತದೆ, ಕತ್ತರಿಸಿದ ಅಂಚುಗಳಿಗೆಲ್ಲ ಅಂದೇ ಟೇಪು ಹಚ್ಚಿ. ಕಟ್ಟಿದ ರೆಕ್ಕೆಯನ್ನು ಗೋಡೆಗೆ ಒರಗಿಸಿಟ್ಟರೆ ತಿರುಚಿಕೊಳ್ಳುತ್ತದೆ, ಮಲಗಿಸಿಡಿ ಅಥವಾ ತೂಗು ಹಾಕಿ. ಕಡಲ ಹತ್ತಿರ ಹಾರಿಸಿದ ದಿನ ಮೋಟರಿನ ಬೇರಿಂಗಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಉಪ್ಪುನೀರಿಗೆ ಬಿದ್ದರೆ ಕೂಡಲೇ ಬ್ಯಾಟರಿ ಕಳಚಿ, ಮೋಟರ್, ಇಎಸ್‌ಸಿ, ಸರ್ವೋ, ರಿಸೀವರ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಎರಡು ದಿನ ಫ್ಯಾನಿನಡಿ ಇಡಿ. ಅದು ಒಣಗುವ ಮೊದಲೇ ಕರೆಂಟು ಕೊಟ್ಟು ನೋಡುವ ಆತುರದಲ್ಲಿ ಇಎಸ್‌ಸಿ ಸುಡುವುದು ಹೆಚ್ಚು. ಬ್ಯಾಟರಿಯೂ ಉಪ್ಪುನೀರಿನಲ್ಲಿ ಮುಳುಗಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಇಡಬೇಡಿ.

ಏಲೆರಾನ್ ಯಾವಾಗ ಹಾಕಬಹುದು?

ಇದೇ ವಿಮಾನವನ್ನು ಎಡಕ್ಕೂ ಬಲಕ್ಕೂ ಎಂಟರ ಆಕಾರದಲ್ಲಿ ಸುತ್ತಿಸಿ, ಹೇಳಿದ ಜಾಗದ ಹತ್ತು ಹೆಜ್ಜೆಯೊಳಗೆ ಇಳಿಸಲು ಬಂದಾಗ. ಒಡಲು ಅದೇ ಇರಲಿ, ರಬ್ಬರ್ ಬ್ಯಾಂಡ್ ಬಿಚ್ಚಿ ಎರಡನೇ ರೆಕ್ಕೆ ಕೂರಿಸಿದರೆ ಆಯಿತು: ತುದಿಯ ಏರು 40 ಮಿ.ಮೀ.ಗೆ ಇಳಿಸಿ, ಹಿಂದಿನ 50 ಮಿ.ಮೀ. ಪಟ್ಟಿಯನ್ನು ಏಲೆರಾನ್ ಮಾಡಿ, ಒಂದೊಂದು ಬದಿಗೆ ಒಂದೊಂದು ಸರ್ವೋ. ರಡ್ಡರ್ ಸರ್ವೋ ಆಗ ನಾಲ್ಕನೇ ಚಾನೆಲ್ಲಿಗೆ ಹೋಗುತ್ತದೆ. ಸ್ಟಿಕ್ ಬಲಕ್ಕೆ ಒತ್ತಿದಾಗ ಬಲ ಏಲೆರಾನ್ ಮೇಲೆ, ಎಡದ್ದು ಕೆಳಗೆ.